1951ರ ಎರಡು ಸಿನಿಮಾ, ಒಂದೇ ಪಲ್ಪ್ ಪತ್ರಿಕೆ: ಕಥೆಯ ಪ್ರಾಣವನ್ನೇ ಯಾಕೆ ಕೈಬಿಟ್ಟರು?

ಹಳೇ ಕಾಗದ

ಪಲ್ಪ್ ಕಾಲದ (ಅಗ್ಗದ ಕಾಗದದ ಕಥಾ ಪತ್ರಿಕೆಗಳ ಕಾಲದ) ಸೈನ್ಸ್ ಫಿಕ್ಷನ್ ಓದುವವರು, ಅದರಿಂದ ಹುಟ್ಟಿದ ಸಿನಿಮಾ ನೋಡುವವರು ಇಲ್ಲಿ ಹಲವರಿದ್ದೀರಿ. ಒಂದು ಜಗಳ ಶುರು ಮಾಡೋಣ ಅಂತ ಬಂದೆ.

1951ರಲ್ಲಿ ಅನ್ಯಗ್ರಹದವರ ಎರಡು ದೊಡ್ಡ ಸಿನಿಮಾ ಬಂದವು. ಏಪ್ರಿಲ್‌ನಲ್ಲಿ ‘ದ ಥಿಂಗ್ ಫ್ರಂ ಅನದರ್ ವರ್ಲ್ಡ್’. ಸೆಪ್ಟೆಂಬರ್‌ನಲ್ಲಿ ‘ದ ಡೇ ದ ಅರ್ತ್ ಸ್ಟುಡ್ ಸ್ಟಿಲ್’. ಒಂದರಲ್ಲಿ ಬಂದವನು ರಕ್ತ ಕುಡಿಯುತ್ತಾನೆ, ಇನ್ನೊಂದರಲ್ಲಿ ಬಂದವನು ಬುದ್ಧಿ ಹೇಳುತ್ತಾನೆ. ಎರಡೂ ಕಥೆ ಹುಟ್ಟಿದ್ದು ‘ಅಸ್ಟೌಂಡಿಂಗ್’ ಅನ್ನೋ ಒಂದೇ ಪತ್ರಿಕೆಯಲ್ಲಿ. ಮೊದಲನೆಯದು ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್‌ನ ‘ಹೂ ಗೋಸ್ ದೇರ್?’, 1938ರ ಆಗಸ್ಟ್ ಸಂಚಿಕೆ. ಎರಡನೆಯದು ಹ್ಯಾರಿ ಬೇಟ್ಸ್‌ನ ‘ಫೇರ್‌ವೆಲ್ ಟು ದ ಮಾಸ್ಟರ್’, 1940ರ ಅಕ್ಟೋಬರ್ ಸಂಚಿಕೆ. ಬೇಟ್ಸ್ 1930ರಲ್ಲಿ ಆ ಪತ್ರಿಕೆ ಶುರುವಾದಾಗಿನ ಮೊದಲ ಸಂಪಾದಕ. ಕ್ಯಾಂಪ್‌ಬೆಲ್ ಮೂರನೆಯವನು. ತನ್ನದೇ ಪತ್ರಿಕೆ ಅಂತಲೋ ಏನೋ, ಈ ಕಥೆಗೆ ‘ಡಾನ್ ಎ. ಸ್ಟುವರ್ಟ್’ ಅಂತ ಹೆಂಡತಿಯ ಹೆಸರಿನಿಂದ ಮಾಡಿಕೊಂಡ ಕಾವ್ಯನಾಮ ಹಾಕಿದ.

ಅಂದರೆ ಇವು ಯಾರೋ ಹೊಟ್ಟೆಪಾಡಿಗೆ ಗೀಚಿದ ಕಥೆಗಳಲ್ಲ. ಪತ್ರಿಕೆಯ ರುಚಿಯನ್ನೇ ರೂಪಿಸಿದ ಇಬ್ಬರು ಬರೆದದ್ದು. ಸಿನಿಮಾದವರು ಎರಡರಲ್ಲೂ ಕಥೆಯ ಪ್ರಾಣವನ್ನೇ ಕಿತ್ತು ಪಕ್ಕಕ್ಕಿಟ್ಟರು. ಕ್ಯಾಂಪ್‌ಬೆಲ್‌ನ ಜೀವಿ ಯಾರ ರೂಪ ಬೇಕಾದರೂ ತಾಳುತ್ತದೆ, ಸಿನಿಮಾದಲ್ಲಿ ಅದೊಂದು ನಡೆದಾಡುವ ಗಿಡ. ಬೇಟ್ಸ್‌ನ ಕಥೆ ನಿಂತಿರುವುದೇ ಕೊನೆಯ ಸಾಲಿನ ಮೇಲೆ, ಸಿನಿಮಾದಲ್ಲಿ ಆ ಸಾಲೇ ಇಲ್ಲ. ಯಾಕೆ?

ಕಥೆಗಳಿಗೆ ಎಂಬತ್ತು ವರ್ಷ ದಾಟಿದೆ. ಗುಟ್ಟು ಬಿಟ್ಟುಕೊಟ್ಟೆ ಅಂತ ಯಾರೂ ಬೈಯಬೇಡಿ.

ನಿದ್ದೆಗೆಟ್ಟವ

ನಾನು ನೋಡಿರುವುದು 1982ರ ‘ದ ಥಿಂಗ್’ ಮಾತ್ರ. ಹಾಸ್ಟೆಲ್‌ನಲ್ಲಿ ಯಾರದೋ ಲ್ಯಾಪ್‌ಟಾಪ್‌ನಲ್ಲಿ, ಊಟದ ತಟ್ಟೆ ಕೈಯಲ್ಲಿ ಹಿಡಿದುಕೊಂಡು. ಊಟ ಪೂರ್ತಿ ಆಗಲಿಲ್ಲ ಬಿಡಿ. ಅದು ಜಾನ್ ಕಾರ್ಪೆಂಟರ್‌ನ ಸ್ವಂತ ಕಲ್ಪನೆ ಅಂದುಕೊಂಡಿದ್ದೆ. 1938ರಲ್ಲೇ ಇಷ್ಟೆಲ್ಲ ಇತ್ತಾ? ಕಾದ ತಂತಿಯಿಂದ ರಕ್ತ ಪರೀಕ್ಷೆ ಮಾಡುವ ದೃಶ್ಯ ಕೂಡ?

ಹಳೇ ಕಾಗದ

ಅದೂ ಇದೆ. ಸಿನಿಮಾದಲ್ಲಿ ಇರುವುದಕ್ಕಿಂತ ಜಾಸ್ತಿ ತರ್ಕದ ಸಮೇತ ಇದೆ.

ಕಥೆ ಶುರುವಾಗುವುದೇ ವಾಸನೆಯಿಂದ. ಅಂಟಾರ್ಕ್ಟಿಕಾದ ಮಂಜಿನಡಿ ಹೂತ ಶಿಬಿರ. ಬೆವರು, ಕರಗಿಸಿದ ಸೀಲ್ ಕೊಬ್ಬು, ನಾಯಿಗಳು, ಯಂತ್ರದ ಎಣ್ಣೆ. ಅದರ ಮಧ್ಯೆ ಮೇಜಿನ ಮೇಲೆ ಎರಡು ಕೋಟಿ ವರ್ಷ ಹಿಮದಲ್ಲಿದ್ದ ಒಂದು ಹೆಣ. ಮೂರು ಕೆಂಪು ಕಣ್ಣು. ತಲೆಗೂದಲಿನ ಜಾಗದಲ್ಲಿ ನೀಲಿ ಹುಳುಗಳಂಥದ್ದೇನೋ. ಅದು ಬಂದ ಅಂತರಿಕ್ಷ ಹಡಗನ್ನು ಹಿಮದಿಂದ ಬಿಡಿಸಲು ಥರ್ಮೈಟ್ ಅನ್ನುವ ಉರಿಪುಡಿ ಇಡುತ್ತಾರೆ. ಹಡಗಿನ ಲೋಹ ಮೆಗ್ನೀಸಿಯಂ ಆಗಿದ್ದರಿಂದ ಇಡೀ ಹಡಗೇ ಧಗಧಗ ಉರಿದು ಹೋಗುತ್ತದೆ.

ಆಮೇಲೆ ಹೆಣ ಎದ್ದು ಹೋಗುತ್ತದೆ. ಅಲ್ಲಿರುವುದು ಮೂವತ್ತೇಳು ಜನ. ಯಾರು ಮನುಷ್ಯ, ಯಾರು ನಕಲು? ಮೊದಲು ನಾಯಿಯೊಂದಕ್ಕೆ ಮನುಷ್ಯರ ರಕ್ತ ಚುಚ್ಚಿ, ಮನುಷ್ಯರ ರಕ್ತಕ್ಕೆ ಮಾತ್ರ ಪ್ರತಿಕ್ರಿಯಿಸಬೇಕಾದ ಸೀರಂ ತಯಾರಿಸುತ್ತಾರೆ. ಕಮಾಂಡರ್ ಗ್ಯಾರಿ ಮತ್ತು ಡಾಕ್ಟರ್ ಕಾಪರ್ ಇಬ್ಬರೂ ರಕ್ತ ಕೊಟ್ಟಿರುತ್ತಾರೆ. ಪರೀಕ್ಷೆ ಮಾಡಿದರೆ ಆ ಸೀರಂ ಮನುಷ್ಯನ ರಕ್ತಕ್ಕೂ ಪ್ರತಿಕ್ರಿಯಿಸುತ್ತದೆ, ಆ ಜೀವಿಯ ರಕ್ತಕ್ಕೂ ಪ್ರತಿಕ್ರಿಯಿಸುತ್ತದೆ. ಅಂದರೆ ರಕ್ತ ಕೊಟ್ಟ ಇಬ್ಬರಲ್ಲಿ ಒಬ್ಬ ಮನುಷ್ಯನಲ್ಲ. ಒಬ್ಬ ಕಮಾಂಡರ್, ಇನ್ನೊಬ್ಬ ಡಾಕ್ಟರ್! ಅಲ್ಲಿಗೆ ಪರೀಕ್ಷೆಯೂ ಕೆಟ್ಟಿತು, ನಾಯಕತ್ವವೂ ಕೆಟ್ಟಿತು. ಇಷ್ಟು ಚೆಂದದ ತಿರುವು ಯಾವ ಸಿನಿಮಾದಲ್ಲೂ ಬಂದಿಲ್ಲ. ಕಾರ್ಪೆಂಟರ್‌ನ ಸಿನಿಮಾದಲ್ಲಿ ರಕ್ತದ ದಾಸ್ತಾನನ್ನೇ ಯಾರೋ ಹಾಳುಮಾಡಿ ಆ ದಾರಿ ಮುಚ್ಚಿಬಿಡುತ್ತಾರೆ.

ಆಮೇಲೆ ಕಥೆಯ ನಾಯಕ ಮ್ಯಾಕ್‌ರೆಡಿ ಕೂತು ಯೋಚಿಸುತ್ತಾನೆ. ಆ ಜೀವಿಯ ಪ್ರತಿ ತುಂಡೂ ಸ್ವತಂತ್ರ. ಪ್ರತಿ ತುಂಡಿಗೂ ತನ್ನ ಪ್ರಾಣವೇ ದೊಡ್ಡದು. ಹಾಗಿದ್ದರೆ ಒಂದು ಹನಿ ರಕ್ತ ಕೂಡ ಒಡೆಯನಿಗೋಸ್ಕರ ಸಾಯಲು ಒಪ್ಪುವುದಿಲ್ಲ. ಕಾದ ತಂತಿ ತಾಗಿದರೆ ಓಡಲು ನೋಡುತ್ತದೆ. ಮನುಷ್ಯನ ರಕ್ತ ಸುಮ್ನೆ ಸುಟ್ಟುಹೋಗುತ್ತದೆ. ಶತ್ರುವಿನ ಸ್ವಾರ್ಥವನ್ನೇ ಅಳತೆಗೋಲು ಮಾಡಿಕೊಂಡದ್ದು ನೋಡಿ.

ಇನ್ನೊಂದು ವಿಷಯ. ಕಥೆಯ ಶಿಬಿರದಲ್ಲಿ ಹಸುಗಳಿವೆ. ಅವೂ ಬದಲಾಗಿರುತ್ತವೆ. ಅಷ್ಟು ದಿನ ಎಲ್ಲರೂ ಅವುಗಳ ಹಾಲು ಕುಡಿದಿರುತ್ತಾರೆ.

ಕುಂದಾಪ್ರ ಕಡಲು

ಅಂಟಾರ್ಕ್ಟಿಕಾದಲ್ಲಿ ಹಸು? ಇಲ್ಲಿವರೆಗೆ ಎಲ್ಲ ನಂಬಿದ್ದೆ ಮಾರಾಯ್ರೆ. ಮೂರು ಕಣ್ಣು, ನೀಲಿ ಹುಳು, ಎಲ್ಲ. ಹಸು ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ.

ಲೈಬ್ರರಿ ಇಲಿ

ಇಡೀ ಕಥೆಯಲ್ಲಿ ನಿಜವಾಗಿ ನಡೆದದ್ದು ಅದೊಂದೇ! ಅಡ್ಮಿರಲ್ ಬರ್ಡ್ 1933ರಿಂದ 1935ರವರೆಗೆ ನಡೆಸಿದ ಎರಡನೇ ಅಂಟಾರ್ಕ್ಟಿಕ್ ಯಾತ್ರೆಗೆ ಮೂರು ಗರ್ನ್‌ಸೀ ಹಸುಗಳನ್ನು ಹಡಗಿನಲ್ಲಿ ಒಯ್ದಿದ್ದ. ದಾರಿಯಲ್ಲೇ ಒಂದು ಕರು ಹುಟ್ಟಿತು. ಅದಕ್ಕೆ ‘ಐಸ್‌ಬರ್ಗ್’ ಅಂತ ಹೆಸರಿಟ್ಟರು. ಅಮೆರಿಕದ ಪತ್ರಿಕೆಗಳಿಗೆ ಅದು ದೊಡ್ಡ ಸುದ್ದಿ. ಕ್ಯಾಂಪ್‌ಬೆಲ್‌ನ ಕಥೆ ಬಂದದ್ದು ಮೂರೇ ವರ್ಷದ ನಂತರ. ಓದುಗರಿಗೆ ಆ ಶಿಬಿರ, ಆ ಕೊಟ್ಟಿಗೆ ಎಲ್ಲ ಪರಿಚಿತ. ಹಾಗೆ ಗೊತ್ತಿರುವ ಜಾಗಕ್ಕೇ ಭೂತ ಬಿಟ್ಟದ್ದು ಅವನ ಜಾಣತನ.

ಕ್ಯಾಂಪ್‌ಬೆಲ್‌ನ ಬಾಲ್ಯದ ಒಂದು ಕಥೆಯನ್ನೂ ಹೇಳುತ್ತಾರೆ. ಅವನ ತಾಯಿಗೆ ತದ್ರೂಪಿ ಅವಳಿ ಅಕ್ಕತಂಗಿ ಒಬ್ಬಳಿದ್ದಳು. ಅವಳಿಗೆ ಈ ಹುಡುಗನನ್ನು ಕಂಡರಾಗದು. ಶಾಲೆಯಿಂದ ಓಡಿ ಬಂದು ಅಮ್ಮ ಅಂತ ಹತ್ತಿರ ಹೋದರೆ ಅದು ಅಮ್ಮನೋ ಚಿಕ್ಕಮ್ಮನೋ ಗೊತ್ತಾಗುತ್ತಿರಲಿಲ್ಲವಂತೆ. ಕಥೆಗೆ ಬೀಜ ಅದೇ ಅನ್ನುವವರಿದ್ದಾರೆ. ನನಗಂತೂ ನಂಬಬೇಕು ಅನಿಸುತ್ತದೆ.

ಥೆರೆಮಿನ್ ತಮ್ಮ

1951ರ ಸಿನಿಮಾದ ಪರವಾಗಿ ಯಾರಾದರೂ ಮಾತಾಡಬೇಕಲ್ವಾ? ನಾನೇ ಬಂದೆ.

ಹಳೇ ಕಾಗದ ಅವರೇ, ನೀವು ಹೇಳಿದ ಆ ರೂಪ ಬದಲಾಯಿಸುವ ಜೀವಿಯನ್ನು 1951ರಲ್ಲಿ ತೆರೆಗೆ ತರುವುದು ಹೇಗೆ? ರಬ್ಬರ್, ಮೇಕಪ್, ಒಂದು ಶಾಟ್ ಇನ್ನೊಂದರಲ್ಲಿ ಕರಗುವುದು, ಇವಿಷ್ಟೇ ಕೈಯಲ್ಲಿದ್ದವು. ನಗೆಪಾಟಲು ಆಗುತ್ತಿತ್ತು. ಹೋವರ್ಡ್ ಹಾಕ್ಸ್ ಅದಕ್ಕೆ ಕೈ ಹಾಕಲಿಲ್ಲ. ನಿರ್ದೇಶಕ ಅಂತ ಕ್ರಿಶ್ಚಿಯನ್ ನೈಬಿ ಹೆಸರಿದೆ, ಹಾಕ್ಸ್ ನಿರ್ಮಾಪಕ. ಆದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುವ ಆ ಶೈಲಿ ನೋಡಿದರೆ ಸೆಟ್‌ನಲ್ಲಿ ಯಾರ ಕೈ ಮೇಲಿತ್ತು ಅಂತ ಗೊತ್ತಾಗುತ್ತದೆ. ಈ ಜಗಳ ಅಭಿಮಾನಿಗಳ ನಡುವೆ ಇನ್ನೂ ಮುಗಿದಿಲ್ಲ.

ಮಂಜಿನ ಮೇಲಿನ ಆ ದೃಶ್ಯ ನೆನಪಿಸಿಕೊಳ್ಳಿ. ಅಡಿಯಲ್ಲಿ ಏನೋ ಹೂತಿದೆ. ಅದರ ಆಕಾರ ತಿಳಿಯಲು ಎಲ್ಲರೂ ಅದರ ಅಂಚಿನ ಮೇಲೆ ಕೈ ಚಾಚಿ ನಿಲ್ಲುತ್ತಾರೆ. ನಿಂತ ಮೇಲೆ ನೋಡಿದರೆ ಪೂರ್ತಿ ವೃತ್ತ. ಒಂದು ಪೈಸೆಯ ಸ್ಪೆಷಲ್ ಎಫೆಕ್ಟ್ ಇಲ್ಲದೆ ಹಾರುವ ತಟ್ಟೆ ತೋರಿಸಿದ್ದು! ಜೊತೆಗೆ ದಿಮಿತ್ರಿ ತ್ಯೋಮ್ಕಿನ್‌ನ ಸಂಗೀತದಲ್ಲಿ ಥೆರೆಮಿನ್ ಅಳು. ಕೈ ತಾಗಿಸದೆ ನುಡಿಸುವ ವಾದ್ಯ ಅದು. ಅದೇ ವರ್ಷ ಬರ್ನಾರ್ಡ್ ಹೆರ್ಮನ್ ‘ದ ಡೇ ದ ಅರ್ತ್...’ಗೆ ಎರಡೆರಡು ಥೆರೆಮಿನ್ ಬಳಸಿದ. ಆ ವರ್ಷದ ನಂತರ ಅನ್ಯಗ್ರಹ ಅಂದರೆ ಆ ಧ್ವನಿಯೇ ಅಂತ ಆಗಿಹೋಯಿತು. ಪುಸ್ತಕ ಕೊಡಲಾಗದ್ದನ್ನು ಸಿನಿಮಾ ಕೊಟ್ಟಿತು ಅಂತ ಒಪ್ಪಿಕೊಳ್ಳಿ.

ಹಳೇ ಕಾಗದ

ವೃತ್ತದ ದೃಶ್ಯಕ್ಕೆ ನನ್ನದೂ ಸಲಾಂ. ಆದರೆ ತಂತ್ರಜ್ಞಾನ ಇರಲಿಲ್ಲ ಅನ್ನುವುದು ಪೂರ್ತಿ ಉತ್ತರ ಅಲ್ಲ. ರೂಪ ಬದಲಾಗುವುದನ್ನು ತೋರಿಸಲೇಬೇಕು ಅಂತ ಏನಿದೆ? 1956ರಲ್ಲಿ ‘ಇನ್ವೇಷನ್ ಆಫ್ ದ ಬಾಡಿ ಸ್ನ್ಯಾಚರ್ಸ್’ ಬಂತು. ಪಕ್ಕದ ಮನೆಯವನು ನೋಡಲು ಹಾಗೇ ಇದ್ದಾನೆ, ಆದರೆ ಅವನಲ್ಲ. ಅದೇ ಭಯ, ಖರ್ಚು ಬಹಳ ಕಡಿಮೆ.

ನಿಜವಾದ ಬದಲಾವಣೆ ಬೇರೆ ಕಡೆ ಇದೆ. ಕ್ಯಾಂಪ್‌ಬೆಲ್‌ನ ಕಥೆಯಲ್ಲಿ ಉಳಿಸುವುದು ಯೋಚನೆ. ಹೊಡೆದಾಟ ಇದೆ, ಆದರೆ ತೀರ್ಮಾನ ಆಗುವುದು ತರ್ಕದಿಂದ. ಅಲ್ಲಿರುವವರೆಲ್ಲ ವಿಜ್ಞಾನಿಗಳು, ತಂತ್ರಜ್ಞರು. 1951ರ ಸಿನಿಮಾದಲ್ಲಿ ಉಳಿಸುವುದು ಶಿಸ್ತು. ಏರ್‌ಫೋರ್ಸ್‌ನವರು ಒಟ್ಟಾಗಿ ನಿಲ್ಲುತ್ತಾರೆ, ಒಬ್ಬರ ಮೇಲೊಬ್ಬರಿಗೆ ಅನುಮಾನವೇ ಇಲ್ಲ. ವಿಜ್ಞಾನಿ ಕ್ಯಾರಿಂಗ್‌ಟನ್ ಮಾತ್ರ ಶತ್ರುವಿನ ಬೀಜಕ್ಕೆ ರಕ್ತದ ಪ್ಲಾಸ್ಮಾ ಎರೆದು ಮೊಳಕೆ ಬರಿಸುತ್ತಾನೆ. ಕೊನೆಗೆ ಅದರ ಜೊತೆ ಮಾತಾಡಲು ಹೋಗಿ ಏಟು ತಿನ್ನುತ್ತಾನೆ. 1938ರಲ್ಲಿ ವಿಜ್ಞಾನಿ ನಾಯಕ. ಹಿರೋಶಿಮಾ ಆಗಿ, 1949ರಲ್ಲಿ ಸೋವಿಯತ್ ಬಾಂಬ್ ಸಿಡಿದು, ಕೊರಿಯಾದಲ್ಲಿ ಯುದ್ಧ ನಡೆಯುತ್ತಿದ್ದ ಹೊತ್ತಿಗೆ ಅದೇ ವಿಜ್ಞಾನಿ ಮನೆಹಾಳ. ಮುಖ್ಯ ಪಾತ್ರವನ್ನೇ ಹೀಗೆ ತಿರುಗಿಸಿದ ಮೇಲೆ ನಕಲು ಮನುಷ್ಯರ ಕಥೆ ಎಲ್ಲಿ ಉಳಿಯುತ್ತದೆ? ನಮ್ಮವರಲ್ಲೇ ಶತ್ರು ಇದ್ದಾನೆ ಅಂದರೆ ಆ ಒಗ್ಗಟ್ಟು ಕುಸಿದುಬೀಳುತ್ತದೆ.

1982ರಲ್ಲಿ ಎರಡೂ ಇಲ್ಲ. ತರ್ಕವೂ ಉಳಿಸುವುದಿಲ್ಲ, ಶಿಸ್ತೂ ಉಳಿಸುವುದಿಲ್ಲ. ರಕ್ತ ಪರೀಕ್ಷೆ ಗೆಲ್ಲುತ್ತದೆ, ಜನ ಸೋಲುತ್ತಾರೆ.

ಧಾರವಾಡ ಪೇಢೆ

ಮೂರು ಸಾಲಿನಲ್ಲಿ ಚೆಂದ ಹೇಳಿದ್ರಿ. ಆದರೆ 1982ರದ್ದಕ್ಕೆ ಇಷ್ಟು ಗೌರವ ಬೇಕಾಗಿಲ್ಲ ಅಂತ ನನ್ನ ಅನಿಸಿಕೆ. ಕಥೆಯಲ್ಲಿ ಮೂವತ್ತೇಳು ಜನ ತಲೆ ಓಡಿಸುತ್ತಾರೆ. ಸಿನಿಮಾದಲ್ಲಿ ಹನ್ನೆರಡು ಜನ ಕತ್ತಲಲ್ಲಿ ಒಬ್ಬೊಬ್ಬರೇ ಅಡ್ಡಾಡುತ್ತಾರೆ. ಪಕ್ಕದವನೇ ಭೂತ ಇರಬಹುದು ಅಂತ ಗೊತ್ತಿದ್ದ ಮೇಲೆ ಯಾರಾದರೂ ಒಬ್ಬರೇ ಹೋಗ್ತಾರೇನ್ರಿ? ಅಂಟು, ಲೋಳೆ, ಕರುಳು ತೆಗೆದರೆ ಉಳಿಯುವುದು ಎಷ್ಟು? ಬಂದಾಗ ವಿಮರ್ಶಕರು ಸುಮ್ಮನೆ ಬೈದಿಲ್ಲ. ಹಳೆ ಸಿನಿಮಾದ ನೈಬಿಯೇ ಖಾರವಾಗಿ ಮಾತಾಡಿದ್ದ.

ನಿದ್ದೆಗೆಟ್ಟವ

ವಿಮರ್ಶಕರ ಮಾತು ಬಿಡಿ. ಅದು ತೆರೆ ಕಂಡದ್ದು 1982ರ ಜೂನ್ 25ಕ್ಕೆ. ಅದೇ ದಿನ ‘ಬ್ಲೇಡ್ ರನ್ನರ್’ ಕೂಡ ಬಂತು. ಎರಡು ವಾರ ಮೊದಲು ‘ಇ.ಟಿ.’ ಬಂದಿತ್ತು. ಜನ ಮುದ್ದಾದ ಅನ್ಯಗ್ರಹದ ಮರಿಗೆ ಕಣ್ಣೀರು ಹಾಕುತ್ತಿದ್ದಾಗ ಎದೆ ಬಾಯಿ ತೆರೆದು ಡಾಕ್ಟರ್‌ನ ಕೈ ಕಚ್ಚಿ ತಿನ್ನುವ ಸಿನಿಮಾ ಯಾರಿಗೆ ಬೇಕು? ಅದೇ ದಿನ ಬಂದ ಎರಡೂ ಸಿನಿಮಾ ಆಗ ಮಕಾಡೆ ಮಲಗಿದವು. ಈಗ ಎರಡನ್ನೂ ತಲೆ ಮೇಲೆ ಹೊತ್ತು ತಿರುಗುತ್ತೇವೆ.

ಅದರ ಸ್ಪೆಷಲ್ ಎಫೆಕ್ಟ್ ಮಾಡಿದ ರಾಬ್ ಬಾಟಿನ್ ಆಗ ಇಪ್ಪತ್ತೆರಡರ ಹುಡುಗ. ಕಂಪ್ಯೂಟರ್ ಇಲ್ಲದೆ ರಬ್ಬರ್, ಜೆಲ್ಲಿ, ತಂತಿಗಳಲ್ಲೇ ಅಷ್ಟನ್ನೂ ಮಾಡಿದ. ನಾಯಿಗೂಡಿನ ದೃಶ್ಯಕ್ಕೆ ಮಾತ್ರ ಸ್ಟ್ಯಾನ್ ವಿನ್‌ಸ್ಟನ್ ತಂಡ ನೆರವಾಯಿತು. ಮತ್ತೆ, ಲೋಳೆಯೇ ಎಲ್ಲ ಅನ್ನುವುದು ತಪ್ಪು. ರಕ್ತ ಪರೀಕ್ಷೆಯ ದೃಶ್ಯದಲ್ಲಿ ಬಹಳ ಹೊತ್ತು ನಡೆಯುವುದು ಏನು? ಕುರ್ಚಿಗೆ ಕಟ್ಟಿದ ಗಂಡಸರು, ಒಂದು ತಟ್ಟೆ, ಒಂದು ತಂತಿ, ಚುರ್ ಅನ್ನುವ ಸದ್ದು. ಕ್ಯಾಂಪ್‌ಬೆಲ್ ಬರೆದದ್ದೇ ಅಲ್ವಾ ಅದು?

ಒಂದು ವಿನಂತಿ. ಕೊನೆಯಲ್ಲಿ ಉಳಿಯುವ ಇಬ್ಬರಲ್ಲಿ ಯಾರು ಭೂತ, ಯಾರ ಬಾಯಿಂದ ಹಬೆ ಬಂತು, ಬಾಟಲಿಯಲ್ಲಿ ಪೆಟ್ರೋಲ್ ಇತ್ತಾ ಅನ್ನೋ ಚರ್ಚೆ ಇಲ್ಲಿ ಬೇಡ. ಸಾಕಾಗಿದೆ.

ಲೈಬ್ರರಿ ಇಲಿ

ಎಲ್ಲರೂ ‘ಥಿಂಗ್’ ಹಿಂದೆ ಬಿದ್ದು ಬೇಟ್ಸ್‌ನನ್ನು ಮರೆತಿರಿ. ಯಾವಾಗಲೂ ಹೀಗೇ ಆಗುತ್ತದೆ.

‘ಫೇರ್‌ವೆಲ್ ಟು ದ ಮಾಸ್ಟರ್’ ಓದದವರಿಗೆ: ವಾಷಿಂಗ್‌ಟನ್‌ನಲ್ಲಿ ಹಡಗೊಂದು ಬಂದಿಳಿಯುತ್ತದೆ. ಕ್ಲಾಟು ಅನ್ನುವವನು ಹೊರಬರುತ್ತಾನೆ, ನೋಡಲು ದೇವರ ಹಾಗೆ. ಜೊತೆಗೆ ನಟ್ ಅನ್ನುವ ಎಂಟು ಅಡಿಯ ಹಸಿರು ಲೋಹದ ರೋಬೋ. ಹುಚ್ಚನೊಬ್ಬ ಕ್ಲಾಟುವನ್ನು ಅಲ್ಲೇ ಗುಂಡಿಕ್ಕಿ ಕೊಲ್ಲುತ್ತಾನೆ. ರೋಬೋ ಕದಲದೆ ನಿಂತುಬಿಡುತ್ತದೆ. ಹಡಗನ್ನೂ ರೋಬೋವನ್ನೂ ಸರಿಸಲಾಗದೆ ಅವುಗಳ ಸುತ್ತ ಮ್ಯೂಸಿಯಂನ ಹೊಸ ಭಾಗವನ್ನೇ ಕಟ್ಟುತ್ತಾರೆ. ಕ್ಲಿಫ್ ಸದರ್ಲೆಂಡ್ ಅನ್ನುವ ಪತ್ರಿಕಾ ಫೋಟೋಗ್ರಾಫರ್‌ಗೆ ರೋಬೋ ರಾತ್ರಿ ಹೊತ್ತು ಓಡಾಡುತ್ತಿದೆ ಅನ್ನುವ ಸುಳಿವು ಸಿಗುತ್ತದೆ. ಅವನು ಒಳಗೇ ಅಡಗಿ ಕೂರುತ್ತಾನೆ. ಹಡಗಿನಿಂದ ಒಂದು ಹಕ್ಕಿ ಬರುತ್ತದೆ, ಆಮೇಲೆ ಒಂದು ಗೊರಿಲ್ಲಾ. ರೆಕಾರ್ಡ್ ಆದ ಧ್ವನಿಯಿಂದ ಜೀವವನ್ನು ಮತ್ತೆ ಕಟ್ಟುವುದನ್ನು ರೋಬೋ ಕಲಿಯುತ್ತಿದೆ. ಅದಕ್ಕೆ ಬೇಕಿರುವುದು ಕ್ಲಾಟು.

ಕೊನೆಯಲ್ಲಿ ಕ್ಲಿಫ್, ನಿನ್ನ ಒಡೆಯನಿಗೆ ಹೀಗೆ ಹೇಳು ಅಂತ ರೋಬೋವನ್ನು ಕೇಳಿಕೊಳ್ಳುತ್ತಾನೆ. ರೋಬೋ ಮೆತ್ತಗೆ ತಿದ್ದುತ್ತದೆ. ಒಡೆಯ ತಾನೇ ಅಂತ.

ಅಲ್ಲಿವರೆಗೆ ಓದಿದ್ದೆಲ್ಲ ಬುಡಮೇಲು. ರಾಬರ್ಟ್ ವೈಸ್‌ನ ಸಿನಿಮಾದಲ್ಲಿ ನಟ್ ಹೋಗಿ ಗಾರ್ಟ್ ಆದ. ಏಳಡಿಗೂ ಎತ್ತರದ ಲಾಕ್ ಮಾರ್ಟಿನ್‌ಗೆ ಆ ಬೆಳ್ಳಿಯ ಸೂಟ್ ಹಾಕಿಸಿದರು. ಹಾಲಿವುಡ್‌ನ ಒಂದು ಥಿಯೇಟರ್‌ನಲ್ಲಿ ಬಾಗಿಲು ಕಾಯುತ್ತಿದ್ದವನು ಅವನು. ಗಾರ್ಟ್ ಚೆನ್ನಾಗಿದ್ದಾನೆ. ಆದರೆ ಕಾವಲುಗಾರನಾಗಿ ಉಳಿದ.

ಥೆರೆಮಿನ್ ತಮ್ಮ

ಇಲ್ಲಿ ತಡೆಯಿರಿ. ಉಳಿದನಾ? ಕೊನೆಯಲ್ಲಿ ಕ್ಲಾಟು ಮಾಡುವ ಭಾಷಣವನ್ನು ಇನ್ನೊಮ್ಮೆ ಕೇಳಿ. ನಾವು ಗಾರ್ಟ್‌ನಂಥ ರೋಬೋಗಳನ್ನು ಪೊಲೀಸರನ್ನಾಗಿ ಮಾಡಿಕೊಂಡಿದ್ದೇವೆ, ಯಾರು ದಾಳಿ ಮಾಡಿದರೂ ಅವು ಶಿಕ್ಷಿಸುತ್ತವೆ, ನಮ್ಮ ಮೇಲೂ ಅವುಗಳಿಗೆ ಪೂರ್ತಿ ಅಧಿಕಾರ ಕೊಟ್ಟಿದ್ದೇವೆ, ಅದನ್ನು ವಾಪಸ್ ಪಡೆಯಲು ಆಗುವುದಿಲ್ಲ. ಇದೇ ಅವನ ಮಾತಿನ ತಿರುಳು.

ಬೇಟ್ಸ್‌ನ ಕೊನೆಯ ಸಾಲು ಅದೇ ಅಲ್ವಾ! ರೋಬೋ ಬಾಯಲ್ಲಿ ಹೇಳಿಸುವ ಬದಲು ಕ್ಲಾಟು ಬಾಯಲ್ಲಿ ಹೇಳಿಸಿದರು. ಕಥೆಯಲ್ಲಿ ಅದು ಬೆಚ್ಚಿಬೀಳಿಸುತ್ತದೆ. ಸಿನಿಮಾದಲ್ಲಿ ಅದನ್ನೇ ಶಾಂತಿಯ ಸಂದೇಶ ಅಂತ ಜನ ಚಪ್ಪಾಳೆ ಹೊಡೆದು ಮನೆಗೆ ಹೋದರು. ಯಂತ್ರಗಳ ಕೈಗೆ ಜುಟ್ಟು ಕೊಟ್ಟವರು ಬಂದು ನಮಗೂ ಹಾಗೇ ಮಾಡಿ ಅಂದರೆ ಅದು ಶಾಂತಿಯಾ? ಯಾವುದು ಜಾಸ್ತಿ ಹೆದರಿಸುತ್ತದೆ ಹೇಳಿ.

ಹಳೇ ಕಾಗದ

ಅಧಿಕಾರ ಉಳಿಯಿತು, ಗುಟ್ಟು ಹೋಯಿತು ಅನ್ನಬಹುದು. ಆದರೂ ಬೇಟ್ಸ್‌ನ ರೋಬೋಗೆ ದುಃಖ ಇದೆ, ರೀ. ಸತ್ತವನನ್ನು ಮತ್ತೆ ಕಟ್ಟಲು ರಾತ್ರಿಯೆಲ್ಲ ಒದ್ದಾಡುತ್ತದೆ. ಗಾರ್ಟ್‌ಗೆ ಅದಿಲ್ಲ. ಸಿನಿಮಾದಲ್ಲಿ ಅವನೂ ಕ್ಲಾಟುವಿಗೆ ಜೀವ ಕೊಡುತ್ತಾನೆ, ಆದರೆ ಒಂದು ಯಂತ್ರದ ಸ್ವಿಚ್ ಒತ್ತಿದಂತೆ.

ಮಂಗಳಗ್ರಹ ಬಸ್ಸು

ಕ್ಯಾಂಪ್‌ಬೆಲ್‌ನನ್ನು ಇಷ್ಟು ಹೊಗಳುವಾಗ ಅವನ ಇನ್ನೊಂದು ಮುಖವೂ ಬರಲಿ. ಅವನ ಜನಾಂಗದ ವಿಚಾರಗಳು ಕೆಟ್ಟವು. ಲೇಖಕ ಸ್ಯಾಮುಯೆಲ್ ಡಿಲೇನಿಯವರ ‘ನೋವಾ’ ಕಾದಂಬರಿಯನ್ನು ನಾಯಕ ಕಪ್ಪು ಜನಾಂಗದವನು ಅನ್ನುವ ಕಾರಣಕ್ಕೆ ಕ್ಯಾಂಪ್‌ಬೆಲ್ ಧಾರಾವಾಹಿಯಾಗಿ ಹಾಕಲಿಲ್ಲ ಅಂತ ಡಿಲೇನಿಯವರೇ ಬರೆದಿದ್ದಾರೆ. 1950ರ ಮೇ ಸಂಚಿಕೆಯಲ್ಲಿ ರಾನ್ ಹಬರ್ಡ್‌ನ ಡಯನೆಟಿಕ್ಸ್ ಅನ್ನುವ ಹುಸಿ ಮನಶ್ಚಿಕಿತ್ಸೆಗೆ ಜಾಗ ಕೊಟ್ಟವನೂ ಇವನೇ. ತರ್ಕವೇ ಉಳಿಸುತ್ತದೆ ಅಂತ ಬರೆದವನು ಆ ಬೊಗಳೆಯನ್ನು ನಂಬಿದ! 2019ರಲ್ಲಿ ಡಬ್ಲಿನ್‌ನ ವರ್ಲ್ಡ್‌ಕಾನ್ ಅನ್ನುವ ಸೈನ್ಸ್ ಫಿಕ್ಷನ್ ಸಮ್ಮೇಳನದಲ್ಲಿ ಜೆನೆಟ್ ಇಂಗ್, ಕ್ಯಾಂಪ್‌ಬೆಲ್ ಹೆಸರಿನ ಪ್ರಶಸ್ತಿ ಪಡೆಯುತ್ತಲೇ ಅವನನ್ನು ಝಾಡಿಸಿದರು. ಕೆಲವೇ ದಿನದಲ್ಲಿ ಪ್ರಶಸ್ತಿಯ ಹೆಸರು ಬದಲಾಗಿ ‘ಅಸ್ಟೌಂಡಿಂಗ್’ ಪ್ರಶಸ್ತಿ ಆಯಿತು.

ಧಾರವಾಡ ಪೇಢೆ

ಹೆಸರು ಬದಲಾಯಿಸಿದ್ದು ಸರಿಯೇ. ಕಥೆ ಓದಲು ಅದು ಅಡ್ಡಿಯಲ್ಲ. ಆದರೆ ‘ನಕಲಿ ಮನುಷ್ಯರನ್ನು ಪತ್ತೆಹಚ್ಚಿ ಸುಡುವ’ ಕಥೆಯನ್ನು ಬರೆದವನು ಯಾರು ಅನ್ನುವುದು ಗೊತ್ತಿದ್ದು ಓದಿದರೆ ಬೇರೆ ಥರ ಕಾಣುತ್ತದೆ. ಕಾಣಲಿ.

ಲೈಬ್ರರಿ ಇಲಿ

ಅದಕ್ಕೇ ಪೀಟರ್ ವಾಟ್ಸ್‌ನ ‘ದ ಥಿಂಗ್ಸ್’ ಓದಬೇಕು. 2010ರಲ್ಲಿ ‘ಕ್ಲಾರ್ಕ್ಸ್‌ವರ್ಲ್ಡ್’ ಪತ್ರಿಕೆಯಲ್ಲಿ ಬಂದ ಸಣ್ಣ ಕಥೆ. 1982ರ ಸಿನಿಮಾವನ್ನು ಆ ಜೀವಿಯ ಬಾಯಿಂದ ಹೇಳಿಸಿದ್ದಾನೆ. ಅದರ ಕಣ್ಣಿಗೆ ನಾವೇ ವಿಕಾರ. ಒಂದೊಂದು ದೇಹದಲ್ಲಿ ಒಬ್ಬೊಬ್ಬರೇ ಬಂದಿಯಾಗಿ ಬದುಕುವ, ಬೆರೆಯಲು ಬಾರದ ಪಾಪದ ಪ್ರಾಣಿಗಳು. ಅಲ್ಲಿ ಅದು ಕೊಲ್ಲುತ್ತಿಲ್ಲ, ಉಪಕಾರ ಮಾಡುತ್ತಿದೆ!

ಇನ್ನೊಂದು ಸಂಗತಿ. ಕ್ಯಾಂಪ್‌ಬೆಲ್‌ನ ಜೀವನಚರಿತ್ರೆ ಬರೆಯುತ್ತಿದ್ದ ಅಲೆಕ್ ನೆವಾಲಾ-ಲೀ ಅವರಿಗೆ ಹಾರ್ವರ್ಡ್‌ನಲ್ಲಿದ್ದ ಕಾಗದಪತ್ರಗಳ ನಡುವೆ ಈ ಕಥೆಯ ಉದ್ದನೆಯ ಕರಡು ಸಿಕ್ಕಿತು. ‘ಫ್ರೋಜನ್ ಹೆಲ್’ ಅನ್ನುವ ಹೆಸರಲ್ಲಿ 2019ರಲ್ಲಿ ಪುಸ್ತಕ ಬಂತು. ಅದರಲ್ಲಿ ಹಡಗು ಪತ್ತೆಯಾಗುವ ಭಾಗವೇ ಉದ್ದಕ್ಕೆ ಇದೆ. ಪ್ರಕಟಿಸುವಾಗ ಅದನ್ನೆಲ್ಲ ಕತ್ತರಿಸಿ ನೇರ ಆ ವಾಸನೆಗೆ ಬಂದ. ಪದಕ್ಕೆ ಒಂದು ಸೆಂಟ್ ಸಿಗುತ್ತಿದ್ದ ಕಾಲದಲ್ಲಿ ಅಷ್ಟು ಪುಟ ಎಸೆಯುವುದು ಹುಡುಗಾಟ ಅಲ್ಲ.

ಕುಂದಾಪ್ರ ಕಡಲು

2011ರ ‘ದ ಥಿಂಗ್’ ಬಗ್ಗೆ ಯಾರೂ ಮಾತಾಡಿಲ್ಲ?

ನಿದ್ದೆಗೆಟ್ಟವ

ಮಾತಾಡುವಂಥದ್ದು ಕಮ್ಮಿ. 1982ರ ಸಿನಿಮಾದ ಕಥೆಗೂ ಮೊದಲು ನಾರ್ವೆಯವರ ಶಿಬಿರದಲ್ಲಿ ಏನಾಯಿತು ಅನ್ನುವ ಕಥೆ. ಹಲ್ಲಿನ ಫಿಲ್ಲಿಂಗ್ ಪರೀಕ್ಷೆ ಒಳ್ಳೆಯ ಉಪಾಯ. ಆ ಜೀವಿ ಲೋಹವನ್ನು ನಕಲು ಮಾಡಲಾರದು, ಹಾಗಾಗಿ ಬಾಯಿ ತೆರೆದು ತೋರಿಸಿ ಅನ್ನುವುದು. ಕ್ಯಾಂಪ್‌ಬೆಲ್‌ಗೆ ಇಷ್ಟವಾಗುತ್ತಿತ್ತು. ಹಲ್ಲು ಹಾಳಾಗದವನ ಪಾಡೇನು ಅಂತ ಕೂಡಲೇ ಪ್ರಶ್ನೆ ಏಳುತ್ತದೆ, ಅಲ್ಲೇ ಜಗಳ ಶುರು. ಆದರೆ ಕೈಯಲ್ಲಿ ಮಾಡಿದ ಬೊಂಬೆಗಳ ಮೇಲೆ ಕೊನೆಗೆ ಕಂಪ್ಯೂಟರ್ ಗ್ರಾಫಿಕ್ಸ್ ಬಳಿದುಬಿಟ್ಟರು. ಬೊಂಬೆ ಮಾಡಿದ ತಂಡ ಬೇಸತ್ತು, ಅಭಿಮಾನಿಗಳಿಂದ ಚಂದಾ ಎತ್ತಿ, ‘ಹಾರ್ಬಿಂಜರ್ ಡೌನ್’ ಅಂತ ತಮ್ಮದೇ ಸಿನಿಮಾ ಮಾಡಿತು. ಅದೂ ಸಾಧಾರಣ.

ಮಂಗಳಗ್ರಹ ಬಸ್ಸು

ದಕ್ಷಿಣ ಧ್ರುವದ ಅಮೆರಿಕನ್ ನೆಲೆಯಲ್ಲಿ ಬೇಸಿಗೆಯ ಕೊನೆಯ ವಿಮಾನ ಹೊರಟ ಮೇಲೆ ಚಳಿಗಾಲಕ್ಕೆ ಉಳಿದವರು ಒಟ್ಟಿಗೆ ಕೂತು ‘ದ ಥಿಂಗ್’ ನೋಡುವ ರೂಢಿ ಇದೆ. ಇನ್ನು ತಿಂಗಳುಗಟ್ಟಲೆ ಯಾರೂ ಬರುವುದಿಲ್ಲ ಅಂತ ಖಾತ್ರಿ ಆದ ಮೇಲೆ! ಎಂಥ ಗಟ್ಟಿ ಗುಂಡಿಗೆ. ಭಾರತದ ಮೊದಲ ತಂಡ ಅಂಟಾರ್ಕ್ಟಿಕಾದಲ್ಲಿ ಇಳಿದದ್ದೂ 1982ರ ಜನವರಿಯಲ್ಲೇ, ಸಿನಿಮಾ ಬರುವುದಕ್ಕೆ ಐದು ತಿಂಗಳು ಮೊದಲು. ಈಗ ಮೈತ್ರಿ, ಭಾರತಿ ನೆಲೆಗಳಲ್ಲಿ ಚಳಿಗಾಲ ಕಳೆಯುವವರು ಏನು ನೋಡುತ್ತಾರೋ. ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ.

ಕುಂದಾಪ್ರ ಕಡಲು

ಸರಿ, ನನ್ನಂಥವನು ಯಾವುದರಿಂದ ಶುರು ಮಾಡಬೇಕು? ಅವೆನ್ಯೂ ರೋಡಿನಲ್ಲಿ ಹಳೆ ‘ಅಸ್ಟೌಂಡಿಂಗ್’ ಸಂಚಿಕೆ ಸಿಗುತ್ತಾ?

ಹಳೇ ಕಾಗದ

ಸಂಚಿಕೆಯ ಆಸೆ ಬಿಡಿ. ಆ ಕಾಗದ ಅಗ್ಗದ ಮರದ ತಿರುಳಿನದು. ಒಳಗಿನ ಆಮ್ಲವೇ ಅದನ್ನು ತಿನ್ನುತ್ತದೆ. ಹಳದಿಯಾಗಿ, ಆಮೇಲೆ ಕಂದಾಗಿ, ಮುಟ್ಟಿದರೆ ಹಪ್ಪಳದ ಥರ ಮುರಿಯುತ್ತದೆ. ಹೆಚ್ಚಿನವರು ಓದುವುದು ಸ್ಕ್ಯಾನ್‌ಗಳಲ್ಲಿ, ಇಲ್ಲವೇ ಸಂಕಲನಗಳಲ್ಲಿ. ‘ಹೂ ಗೋಸ್ ದೇರ್?’ ಕಥೆ 1973ರ ‘ಸೈನ್ಸ್ ಫಿಕ್ಷನ್ ಹಾಲ್ ಆಫ್ ಫೇಮ್’ ಎರಡನೇ ಸಂಪುಟದಲ್ಲಿದೆ. ಚರ್ಚ್ ಸ್ಟ್ರೀಟ್‌ನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಂಥ ಸಂಕಲನಗಳು ಆಗೊಮ್ಮೆ ಈಗೊಮ್ಮೆ ಕೈಗೆ ಸಿಗುತ್ತವೆ. ಮೊದಲು ಕಥೆ ಓದಿ, ಆಮೇಲೆ 1982, ಕೊನೆಗೆ 1951.

ಥೆರೆಮಿನ್ ತಮ್ಮ

ಬೇಡ, ಮೊದಲು 1951 ನೋಡಿ. 1982 ನೋಡಿದ ಮೇಲೆ ಆ ನಡೆದಾಡುವ ಗಿಡ ನೋಡಿ ನೀವು ನಗುತ್ತೀರಿ. ಕ್ಯಾಪ್ಟನ್ ಬಾಗಿಲು ತೆರೆದ ಕೂಡಲೇ ಎದುರಿಗೇ ಅದು ನಿಂತಿರುವ ದೃಶ್ಯ ವ್ಯರ್ಥವಾಗುತ್ತದೆ.

ಲೈಬ್ರರಿ ಇಲಿ

ಖರ್ಚಿಲ್ಲದೆ ಶುರು ಮಾಡಬೇಕಾದರೆ ಫಿಲಿಪ್ ಕೆ. ಡಿಕ್‌ನ ‘ಸೆಕೆಂಡ್ ವೆರೈಟಿ’ ಓದಿ. 1953ರ ಪತ್ರಿಕೆಯ ಕಥೆ, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ. ಯುದ್ಧಕ್ಕೆಂದು ಮಾಡಿದ ಯಂತ್ರಗಳು ತಾವೇ ಮನುಷ್ಯರ ನಕಲು ತಯಾರಿಸಲು ಕಲಿಯುತ್ತವೆ. ಗಾಯಾಳು ಸೈನಿಕನ ನಕಲು, ಟೆಡ್ಡಿ ಬೇರ್ ಹಿಡಿದ ಹುಡುಗನ ನಕಲು. ಎರಡನೇ ಬಗೆ ಯಾವುದು ಅಂತ ಗೊತ್ತಿಲ್ಲ. 1995ರಲ್ಲಿ ‘ಸ್ಕ್ರೀಮರ್ಸ್’ ಅಂತ ಸಿನಿಮಾ ಆಯಿತು. ಚಿತ್ರಕಥೆ ಬರೆದವರಲ್ಲಿ ಒಬ್ಬ ಡ್ಯಾನ್ ಒ’ಬ್ಯಾನನ್. ‘ಏಲಿಯನ್’ ಬರೆದವನೂ ಅವನೇ, ಅದಕ್ಕೂ ಮೊದಲು ಕಾರ್ಪೆಂಟರ್ ಜೊತೆ ‘ಡಾರ್ಕ್ ಸ್ಟಾರ್’ ಮಾಡಿದವನೂ ಅವನೇ.

ಧಾರವಾಡ ಪೇಢೆ

ಅದರಲ್ಲೂ ಕೊನೆ ಬದಲಾಯಿಸಿದ್ದಾರೆ. ಜಗಳ ಅಲ್ಲಿಗೆ ಸಾಗಿಸೋಣ. ಆದರೆ ಎಲ್ಲರೂ ಕಥೆ ಓದಿ ಬರ್ರಿ ಮೊದಲು.